ಮಾವನವರ ಕಾರಿಗೆ ಎಣ್ಣೆ

ಬೇರೆಯವರಿಗಾಗಿ ಸಾಮಾನು ಕೊಳ್ಳುವುದು ನನಗೆ ಎಂದೂ ಕಷ್ಟವೆನಿಸಿಲ್ಲ. ಅದು ನನ್ನ ಹೊಟ್ಟೆಪಾಡು. ಹೈದರಾಬಾದಿನ ಬಾಲಾನಗರದ ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿ ಕುಳಿತು ತಾಮ್ರದ ತಂತಿಯಿಂದ ಹಿಡಿದು ಕ್ಯಾಂಟೀನಿನ ತೊಗರಿಬೇಳೆಯವರೆಗೆ ನಾನು ತರಿಸದ ವಸ್ತುವಿಲ್ಲ. ಯಂತ್ರಗಳಿಗೆ ಹಾಕುವ ಎಣ್ಣೆಯನ್ನಂತೂ ಪೀಪಾಯಿಗಟ್ಟಲೆ ತರಿಸಿದ್ದೇನೆ. ಅಲ್ಲಿ ಒಂದು ಪದ್ಧತಿ ಇದೆ. ಮೂರು ಕಡೆಯಿಂದ ದರ ಕೇಳಬೇಕು, ಯಾರದು ಕಡಿಮೆಯೋ ಅವರಿಗೆ ಕೊಡಬೇಕು, ಮುಂದೆ ಏನಾದರೂ ಎಡವಟ್ಟಾದರೆ ಪದ್ಧತಿಯ ಕಡೆ ಬೆರಳು ತೋರಿಸಬೇಕು. ಇಷ್ಟು ತಿಳಿದವನು ಖರೀದಿ ವಿಭಾಗದಲ್ಲಿ ನಿವೃತ್ತಿಯವರೆಗೆ ನೆಮ್ಮದಿಯಾಗಿ ಬದುಕಬಹುದು. ಆದರೆ ಮನೆಗೆ ಒಂದು ಪೊರಕೆ ತರಬೇಕೆಂದರೂ ನನ್ನ ಎದೆ ಡವಗುಟ್ಟುತ್ತದೆ. ಮನೆಯಲ್ಲಿ ಬೆರಳು ತೋರಿಸಲು ಪದ್ಧತಿ ಇರುವುದಿಲ್ಲ; ತಂದವನು ಒಬ್ಬನೇ ನಿಂತಿರುತ್ತಾನೆ. ಅಂಥವನ ಪಾಲಿಗೆ ಒಂದು ದಿನ ಮಾವನವರ ಕಾರಿಗೆ ಎಣ್ಣೆ ಆರಿಸುವ ಕೆಲಸ ಬಂತು.

ಮಾವನವರು ನೀರಾವರಿ ಇಲಾಖೆಯಲ್ಲಿ ಇಂಜಿನಿಯರಾಗಿದ್ದವರು. ಬೀದರ್ ಕಡೆಯಿಂದ ಓದಲು ಹೈದರಾಬಾದಿಗೆ ಬಂದು, ಇಲ್ಲೇ ನೌಕರಿ ಹಿಡಿದು, ಇಲ್ಲೇ ನಿವೃತ್ತರಾದರು. ಅತ್ತೆಯವರು ತೀರಿಕೊಂಡ ಮೇಲೆ ಲಿಂಗಂಪಲ್ಲಿಯ ನಮ್ಮ ಫ್ಲ್ಯಾಟಿಗೆ ಬಂದರು. ಜೊತೆಗೆ ಅವರ ಕಾರೂ ಬಂತು. ಬೂದು ಬಣ್ಣದ, ಉಬ್ಬಿದ ಕೆನ್ನೆಯ ಕಾರು ಅದು. ಗೇರಿನ ಕಡ್ಡಿ ಸ್ಟೀರಿಂಗಿನ ಪಕ್ಕದಲ್ಲಿ. ಮುಂದಿನ ಸೀಟು ಹಳೇ ಕಾಲದ ಸೋಫಾದ ಹಾಗೆ ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಒಂದೇ. ಮಾದಾಪುರದ ಬಂಡೆಗಳ ನಡುವೆ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ನಮ್ಮ ಅಪಾರ್ಟ್‌ಮೆಂಟಿಗೂ ಮೇಲಿಂದ ಮೇಲೆ ಹೊಸ ಕಾರುಗಳು ಹೂವಿನ ಹಾರ ಹಾಕಿಕೊಂಡು, ಚಕ್ರದಡಿ ನಿಂಬೆಹಣ್ಣು ಚಚ್ಚಿಕೊಂಡು ಬರುತ್ತಿದ್ದವು. ಅವುಗಳ ನಡುವೆ ಮಾವನವರ ಕಾರು ಮದುವೆಮನೆಯಲ್ಲಿ ಮಫ್ಲರ್ ಸುತ್ತಿಕೊಂಡು ಕುಳಿತ ಹಿರಿಯರಂತೆ ಕಾಣುತ್ತಿತ್ತು. ಯಾರೂ ಮಾತಾಡಿಸುತ್ತಿರಲಿಲ್ಲ, ಯಾರೂ ಎದ್ದು ಹೋಗಿ ಎನ್ನುತ್ತಲೂ ಇರಲಿಲ್ಲ.

ಮದುವೆಯಾದ ಹೊಸತರಲ್ಲಿ ಮಾವನವರು ನನಗೆ ಆ ಕಾರು ಕಲಿಸಲು ಹೊರಟಿದ್ದರು. ಮೊದಲ ಪಾಠದಲ್ಲೇ ನಾನು ಒಂದು ಕಲ್ಲಂಗಡಿ ಬಂಡಿಯ ತೀರ ಹತ್ತಿರ ಹೋಗಿ ನಿಂತೆ. ಬಂಡಿಗೇನೂ ಆಗಲಿಲ್ಲ. ಮಾವನವರು ಕೀಲಿ ತೆಗೆದುಕೊಂಡು ಮನೆಗೆ ಬಂದು ಮಗಳ ಕೈಯಲ್ಲಿಟ್ಟು, "ಸುಮಾ, ನೀ ಕಲಿ" ಎಂದರು. ಸುಮಂಗಲಾ ಕಲಿತಳು. ಅಂದಿನಿಂದ ನಮ್ಮ ಮನೆಯಲ್ಲಿ ಕಾರು ಓಡಿಸುವವಳು ಅವಳು, ಪಕ್ಕದಲ್ಲಿ ಕುಳಿತು "ಎಡಕ್ಕೆ ಲಾರಿ ಬಂತು" ಎನ್ನುವವನು ನಾನು. ಮಾವನವರು ನನ್ನನ್ನು ಎಂದೂ ಬೈದವರಲ್ಲ. ನನ್ನಿಂದ ಏನನ್ನೂ ನಿರೀಕ್ಷಿಸಲಿಲ್ಲ, ಅಷ್ಟೆ. ಬೈಗುಳಕ್ಕಿಂತ ಅದು ತುಸು ಹೆಚ್ಚು ನೋಯುತ್ತದೆ. ಅವರು ಪತ್ರಿಕೆಯ ಪದಬಂಧ ಬಿಡಿಸುವಾಗ ನಾನು ಪಕ್ಕದಲ್ಲೇ ಕುಳಿತಿದ್ದರೂ ಅಡುಗೆಮನೆಯಲ್ಲಿದ್ದ ಮಗಳನ್ನು ಕೂಗಿ ಕೇಳುತ್ತಿದ್ದರು. ಉತ್ತರ ನನಗೆ ಗೊತ್ತಿರುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಕಾರಿನ ಎಣ್ಣೆ ಬದಲಿಸುವ ಕೆಲಸವನ್ನು ಮಾತ್ರ ಅವರು ಮಗಳಿಗೂ ಬಿಟ್ಟುಕೊಟ್ಟಿರಲಿಲ್ಲ. ಹಳೆಯ ಪೈಜಾಮ ತೊಟ್ಟು ಗೋಣಿತಟ್ಟು ಹಾಸಿ ಕಾರಿನಡಿ ತೂರಿದರೆಂದರೆ ಹೊರಗೆ ಎರಡು ಪಾದ ಮಾತ್ರ ಕಾಣುತ್ತಿದ್ದವು. ಎಣ್ಣೆಯನ್ನು ಊರೊಳಗೆ ಎಲ್ಲಿಂದಲೋ ತಾವೇ ತರುತ್ತಿದ್ದರು. ಡಬ್ಬಿ ಖಾಲಿಯಾದ ಮೇಲೆ ಅದರ ಬಾಯಿ ಕತ್ತರಿಸಿ, ಹಸಿರು ಬಣ್ಣ ಬಳಿದು, ಮಣ್ಣು ತುಂಬಿ ಬಾಲ್ಕನಿಯಲ್ಲಿ ತುಳಸಿಯನ್ನೋ ಕಾಮಕಸ್ತೂರಿಯನ್ನೋ ನೆಡುತ್ತಿದ್ದರು. ಹೀಗಾಗಿ ಯಾವ ಎಣ್ಣೆ ಎನ್ನುವುದು ಅವರೊಬ್ಬರಿಗೇ ಗೊತ್ತಿದ್ದ ಸಂಗತಿ.

ಒಂದು ಬೆಳಿಗ್ಗೆ ಸ್ನಾನ ಮಾಡಿ ಹೊರಬಂದವರು ಬಾಗಿಲ ಚೌಕಟ್ಟು ಹಿಡಿದು ಹಾಗೇ ಕುಸಿದರು. ಲಕ್ವ ಹೊಡೆದಿತ್ತು. ಜೀವ ಉಳಿಯಿತು, ಬಲಗೈ, ಬಲಗಾಲು ಸೋತವು, ಮಾತು ಪೂರ್ತಿ ನಿಂತಿತು. ನಾವು ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತಿತ್ತು. ಅವರು ಹೇಳಬೇಕೆಂದಿದ್ದು ಗಂಟಲಲ್ಲೇ ಗೊರಗೊರ ಎಂದು ಮುಗಿದುಹೋಗುತ್ತಿತ್ತು. ಜೀವಮಾನವಿಡೀ ಅಳೆದು ತೂಗಿ ಮಾತಾಡಿದ ಮನುಷ್ಯ ಒಂದು ಲೋಟ ನೀರು ಕೇಳಲಾರದೆ ಕಣ್ಣು ಒದ್ದೆ ಮಾಡಿಕೊಂಡಾಗ ನಾನು ಏನಾದರೊಂದು ನೆಪ ಮಾಡಿ ಹೊರಗೆ ಹೋಗುತ್ತಿದ್ದೆ.

ಸನತ್‌ನಗರದ ಒಂದು ಆಸ್ಪತ್ರೆಯಲ್ಲಿ ಕೈಕಾಲಿಗೆ ವ್ಯಾಯಾಮ, ನಾಲಿಗೆಗೆ ಮಾತಿನ ಪಾಠ ಶುರುವಾದವು. ಆಟೋದಲ್ಲಿ ಅವರನ್ನು ಕೂರಿಸಲು ಆಗುತ್ತಿರಲಿಲ್ಲ. ಹೊಸ ಕಾರುಗಳಲ್ಲಿ ನಡುವಿನ ಗೇರು, ಗುಂಡಿಯಂಥ ಸೀಟು. ಸೋತ ಕಾಲು ಒಳಗೇ ಹೋಗುತ್ತಿರಲಿಲ್ಲ. ಅವರದೇ ಕಾರಿನ ಸೋಫಾ ಸೀಟಿನ ಅಂಚಿಗೆ ಕೂರಿಸಿ ಮೆಲ್ಲಗೆ ಜಾರಿಸಿದರೆ ಸಲೀಸಾಗಿ ಕೂರುತ್ತಿದ್ದರು. ಆ ಕಾರು ನಿಂತರೆ ಅವರ ಚಿಕಿತ್ಸೆಯೂ ನಿಲ್ಲುವ ಪರಿಸ್ಥಿತಿ. ಶಾಲೆಯಲ್ಲಿ ಗಣಿತ ಹೇಳುವ ಸುಮಂಗಲಾ, ಪಾಠ ಮುಗಿಸಿ ಬಂದವಳೇ ಅಪ್ಪನನ್ನು ಕೂರಿಸಿಕೊಂಡು ಹೊರಡುತ್ತಿದ್ದಳು. ಹೀಗಿರುವಾಗ ಅವಳೊಂದು ದಿನ ಹೇಳಿದಳು:

"ರೀ, ಕಾರಿನ ಎಣ್ಣಿ ಕರ್ರಗಾಗೇತಿ. ಅಪ್ಪ ಚಲೋ ಇದ್ದಾಗ ಅವ್ರ ನೋಡ್ತಿದ್ರು. ಈಗ ನೀವ ತರ್ರಿ. ಆಫೀಸ್ನ್ಯಾಗ ದಿನಾ ಖರೀದಿನ ಮಾಡ್ತೀರಲ್ಲ."

ಅಂಗಡಿಗೆ ಹೋದೆ. ಕೆಂಪು, ನೀಲಿ, ಬಂಗಾರ ಬಣ್ಣದ ಡಬ್ಬಿಗಳನ್ನು ನೆಲದಿಂದ ಸೂರಿನವರೆಗೆ ಜೋಡಿಸಿದ್ದರು. ಪ್ರತಿ ಡಬ್ಬಿಯ ಮೇಲೂ ಎರಡು ಅಂಕಿ, ನಡುವೆ ಒಂದು ಇಂಗ್ಲಿಷ್ ಅಕ್ಷರ. ಅಂಗಡಿಯವನು "ಯಾವ ಗ್ರೇಡ್ ಸಾರ್?" ಎಂದ. ಕಾರ್ಖಾನೆಗೆ ಪೀಪಾಯಿ ತರಿಸುವವನಿಗೆ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಅಲ್ಲಿ ಗ್ರೇಡು ಬರೆದು ಕಳಿಸುವವರು ಬೇರೆ ವಿಭಾಗದವರು. ನಾಳೆ ಬರುತ್ತೇನೆಂದು ಹೇಳಿ ಹಿಂದಿರುಗಿ, ನನಗೆ ತಿಳಿದ ಒಂದೇ ವಿದ್ಯೆಗೆ ಶರಣಾದೆ. ಮೂರು ಕಡೆ ವಿಚಾರಿಸಿದೆ.

ಮೊದಲು ಪೆಟ್ರೋಲ್ ಬಂಕಿನವನನ್ನು ಕೇಳಿದೆ. ಅವನು ನನ್ನ ಮುಖ ನೋಡದೆ ತನ್ನ ಹಿಂದಿದ್ದ ಡಬ್ಬಿಯನ್ನು ತೋರಿಸಿದ. ನಾನು ಸ್ಕೂಟರಿನಲ್ಲಿ ಹೋಗಿದ್ದೆ. ಅದು ಸ್ಕೂಟರಿನ ಎಣ್ಣೆಯಾಗಿತ್ತು. ಎರಡನೆಯವನು ನಮ್ಮ ಕಾರಿನ ಬ್ರೇಕು ಗೀಕು ನೋಡುತ್ತಿದ್ದ ಮೆಕ್ಯಾನಿಕ್ ಖಾಜಾ. ಅವನು ತಲೆ ಕೆರೆದುಕೊಂಡು, "ಬಡೇ ಸಾಬ್ ಜೋ ಡಾಲ್ತೇ ಥೇ, ವಹೀಚ್ ಡಾಲೋ ಸಾಬ್" ಎಂದ. ದೊಡ್ಡ ಸಾಹೇಬರು ಹಾಕುತ್ತಿದ್ದುದನ್ನೇ ಹಾಕಿ ಎಂಬ ಸಲಹೆ. ಅವರು ಏನು ಹಾಕುತ್ತಿದ್ದರು ಎಂದರೆ, "ಮೇರೆ ಕೊ ಕ್ಯಾ ಮಾಲೂಮ್" ಎಂದು ಕೈಚೆಲ್ಲಿದ. ಮೂರನೆಯವನು ಮೇಲಿನ ಮನೆಯ ಪ್ರವೀಣ. ಮಾದಾಪುರದ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಕೆಲಸ, ಹೊಸ ಕಾರು, ಮೃದು ಮನಸ್ಸು. "ಅಂಕಲ್, ಮೀರು ಟೆನ್ಶನ್ ಪಡಕಂಡಿ" ಎಂದು ಧೈರ್ಯ ಹೇಳಿ, ಕಂಪ್ಯೂಟರಿನಲ್ಲಿ ಪುಟದ ಮೇಲೆ ಪುಟ ತೆಗೆದು ತೋರಿಸಿದ. ಅವನ ಪ್ರಕಾರ ಸಿಂಥೆಟಿಕ್ ಎಂಬ ತೆಳುವಾದ ಎಣ್ಣೆಯೇ ಎಲ್ಲದಕ್ಕಿಂತ ಶ್ರೇಷ್ಠ. ತನ್ನ ಕಾರಿಗೂ ಅದೇ, ವಿದೇಶದಲ್ಲೂ ಅದೇ.

ಶ್ರೇಷ್ಠ ಎಂಬ ಮಾತು ನನ್ನ ಮನಸ್ಸಿಗೆ ಹಿಡಿಸಿತು. ಮಾವನವರ ಕಾರಿಗೆ ನಾನು ಕಡಿಮೆ ದರದ್ದನ್ನು ತರಬಾರದು. ಈ ಮನೆಯಲ್ಲಿ ಒಂದು ಸಲವಾದರೂ ನಾನು ತಂದದ್ದೇ ಎಲ್ಲಕ್ಕಿಂತ ಮೇಲಿನದಾಗಿರಬೇಕು. ಬಂಗಾರ ಬಣ್ಣದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಲೋಕಲ್ ರೈಲಿನಲ್ಲಿ ಬರುವಾಗ ಪಕ್ಕದವರು ಅದನ್ನು ಗಮನಿಸಿದರೆ ಚೆನ್ನಾಗಿತ್ತು ಎನಿಸಿದ್ದು ನಿಜ. ಖಾಜಾ ಹಳೆಯ ಎಣ್ಣೆ ಇಳಿಸಿ ಹೊಸದನ್ನು ಸುರಿದ. ನೀರಿನ ಹಾಗೆ ಇಳಿದುಹೋಯಿತು. ಕಾರು ಒಂದೇ ಸಲಕ್ಕೆ ಶುರುವಾಗಿ ಹಗುರಾಗಿ ಟಕಟಕ ಎನ್ನತೊಡಗಿತು. ನನ್ನ ಕಿವಿಗೆ ಅದು ಪ್ರಾಯ ಬಂದ ಸದ್ದು.

ಆ ಸಂಜೆ ಮಾವನವರನ್ನು ಮುಂದಿನ ಸೀಟಿಗೆ ಜಾರಿಸಿ ಸುಮಂಗಲಾ ಕಾರು ಶುರು ಮಾಡಿದಳು. ಹಿಂದೆ ಕುಳಿತಿದ್ದ ನಾನು ಕನ್ನಡಿಯಲ್ಲಿ ಮಾವನವರ ಮುಖವನ್ನೇ ನೋಡುತ್ತಿದ್ದೆ. ಅವರು ತಲೆ ವಾಲಿಸಿ ಕೇಳಿಸಿಕೊಂಡರು. ಹುಬ್ಬು ಗಂಟಾಯಿತು. ಎಡಗೈ ಎತ್ತಿ ಎದುರಿನ ಡ್ಯಾಶ್‌ಬೋರ್ಡಿಗೆ ಬಡಿದರು. ನೋವೇನೋ ಎಂದು ನಾವು ಗಾಬರಿಯಾದೆವು. ಮುಂದಿನ ದಿನಗಳಲ್ಲೂ ಅದೇ: ಕಾರು ಹತ್ತಿದೊಡನೆ ಚಡಪಡಿಕೆ, ಇಳಿದು ಮನೆಗೆ ಬಂದ ಮೇಲೆ ನನ್ನ ಕಡೆ ಉರಿನೋಟ.

ಆ ವಾರ ಬೀದರಿನಿಂದ ಸುಮಂಗಲೆಯ ಅಕ್ಕ ಶಾಂತಕ್ಕ, ಮಕ್ಕಳು ಮರಿ ಕಟ್ಟಿಕೊಂಡು ತಂದೆಯನ್ನು ನೋಡಲು ಬಂದಿದ್ದರು. ಆಸ್ಪತ್ರೆಯಿಂದ ಬಂದು ಮಾವನವರನ್ನು ಕುರ್ಚಿಯಲ್ಲಿ ಕೂರಿಸಿ ನಾನು ಅವರ ಚಪ್ಪಲಿ ಬಿಚ್ಚುತ್ತಿದ್ದೆ. ಅವರು ಎಡಗೈ ಚಾಚಿ ನನ್ನ ಅಂಗಿ ಹಿಡಿದರು. ತುಟಿ ಕೂಡಿತು, ಬಿಟ್ಟಿತು. ಕೊರಳ ನರ ಉಬ್ಬಿತು.

"ಮಂ... ದ. ಮಂದ."

ಶಾಂತಕ್ಕ ಗೊಳೋ ಎಂದು ಅತ್ತರು, ಸುಮಂಗಲಾ ಅಪ್ಪನ ಕಾಲ ಬಳಿ ಕುಳಿತುಬಿಟ್ಟಳು. ತಿಂಗಳುಗಳ ಮೇಲೆ ಬಂದ ಮೊದಲ ಮಾತು. ಯಾರೋ ದೇವರ ಮುಂದೆ ದೀಪ ಹಚ್ಚಿದರು, ಯಾರೋ ಬೀದರಿಗೆ ಫೋನ್ ಮಾಡಿದರು. ಆ ಕಡೆಯವರು ಸಹಜವಾಗಿ ಕೇಳಿದರು: ಏನಂದರು? ಆಗ ಎಲ್ಲರೂ ನನ್ನ ಕಡೆ ತಿರುಗಿದರು. ಮಾವನವರ ಕೈ ಇನ್ನೂ ನನ್ನ ಅಂಗಿಯ ಮೇಲೇ ಇತ್ತು.

ಸುಮಂಗಲಾ ನನ್ನ ಮಾನ ಉಳಿಸಲು ಬಹಳ ಪ್ರಯತ್ನಪಟ್ಟಳು. "ಮಂದಿ ಅಂದ್ರು ಅಪ್ಪ. ಭಾಳ ಮಂದಿ ಸುತ್ತ ಕುಂತೀವಲ್ಲ, ತ್ರಾಸ ಆಗಾಕತ್ತೇತಿ" ಎಂದು ಎಲ್ಲರನ್ನೂ ಬೇರೆ ಕೋಣೆಗೆ ಕಳಿಸಿದಳು. ಮಾವನವರು ಖಾಲಿ ಕೋಣೆಯಲ್ಲೂ "ಮಂದ" ಎಂದರು. "ಹಂಗಾರ ದೀಪ ಮಂದ ಆಗೇತಿ ಅಂತಾರ" ಎಂದು ಹೊಸ ಟ್ಯೂಬ್‌ಲೈಟ್ ಹಾಕಿಸಿದಳು. ಹಾಲಿನಂಥ ಬೆಳಕಿನಲ್ಲಿ ಕುಳಿತು ಅವರು ನನ್ನನ್ನು ಇನ್ನಷ್ಟು ಸ್ಪಷ್ಟವಾಗಿ ನೋಡಿ "ಮಂದ" ಎಂದರು. ಶಾಂತಕ್ಕ ನೇರ ಸ್ವಭಾವದವರು. "ಶರಣಪ್ಪನವರ, ನೀವು ಮನಸಿಗೆ ಹಚ್ಕೋಬ್ಯಾಡ್ರಿ. ಅಪ್ಪಾಗ ಮಾತು ಬಂತಲ್ಲ, ಅದ ದೊಡ್ಡದು. ಏನಂದ್ರ ಏನಾತು" ಎಂದು ಸಮಾಧಾನ ಹೇಳಿದರು. ಆ ಸಮಾಧಾನದಲ್ಲಿ ಅನುಮಾನಕ್ಕೆ ಜಾಗವಿರಲಿಲ್ಲ.

ಮಾತಿನ ಪಾಠ ಹೇಳುತ್ತಿದ್ದ ಹುಡುಗಿಗೆ ಸಂತೋಷವೋ ಸಂತೋಷ. ಆ ಶಬ್ದ ಯಾರನ್ನು ಕಂಡಾಗ ಬರುತ್ತದೆ ಎಂದು ವಿಚಾರಿಸಿ, ದಿನವೂ ಬೆಳಿಗ್ಗೆ ಸ್ವಲ್ಪ ಹೊತ್ತು ನಾನು ಅವರೆದುರು ಕೂರಬೇಕೆಂದು ಸೂಚಿಸಿದಳು. ಹೀಗೆ ಆಫೀಸಿಗೆ ಹೊರಡುವ ಮುನ್ನ ಮಾವನವರ ಎದುರು ಕುರ್ಚಿ ಹಾಕಿಕೊಂಡು ಕುಳಿತು ನಾನು ಮಂದನೆಂದು ಕರೆಸಿಕೊಳ್ಳುವುದು ಚಿಕಿತ್ಸೆಯ ಭಾಗವಾಯಿತು. ಉಚ್ಚಾರ ದಿನದಿಂದ ದಿನಕ್ಕೆ ಸುಧಾರಿಸುತ್ತಿತ್ತು. ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನನ್ನ ಬುದ್ಧಿಯ ಬಗ್ಗೆ ನನಗೂ ದೊಡ್ಡ ಭ್ರಮೆಯೇನಿಲ್ಲ. ಆದರೆ ಮಾತೇ ಹೋಗಿದ್ದ ಮನುಷ್ಯ ಅಷ್ಟು ಕಷ್ಟಪಟ್ಟು ಮೊದಲಿಗೆ ಹುಡುಕಿ ತೆಗೆದದ್ದು ಇದನ್ನೇ ಎನ್ನುವುದು ಒಳಗೊಳಗೇ ಕೊರೆಯುತ್ತಿತ್ತು. ಹೇಳುವಾಗ ಅವರಿಗೂ ಸಂತೋಷವಿರಲಿಲ್ಲ. ಕಣ್ಣಲ್ಲಿ ಕೋಪಕ್ಕಿಂತ ಬೇಡಿಕೆ ಹೆಚ್ಚಿದ್ದಂತಿತ್ತು. ನಾನು ಅದನ್ನು ನೋಡಿಯೂ ನೋಡಲಿಲ್ಲ.

ಅತ್ತ ಪಾರ್ಕಿಂಗಿನಲ್ಲಿ ಕಾರಿನ ಕೆಳಗೆ ಎಣ್ಣೆಯ ಕಲೆ ದೊಡ್ಡದಾಗುತ್ತಿತ್ತು. ಪ್ರವೀಣ ಹಳೆಯ ಕಾರಿಗೆ ಅದು ಸಾಮಾನ್ಯವೆಂದ. ನಾನೂ ಕಲೆಯ ಮೇಲೆ ಒಂದಿಷ್ಟು ಮರಳು ಹಾಕಿ ಸುಮ್ಮನಾದೆ.

ಶಾಂತಕ್ಕ ಊರಿಗೆ ಮರಳಿದ ಮೇಲೆ ಒಂದು ಸಂಜೆ ಸನತ್‌ನಗರದಿಂದ ಹಿಂದಿರುಗುತ್ತಿದ್ದೆವು. ಮೂಸಾಪೇಟೆಯ ಹತ್ತಿರ ರಸ್ತೆ ಅಗೆದಿದ್ದರು. ಬಸ್ಸು, ಲಾರಿ, ಕಂಪನಿಗಳ ವ್ಯಾನು ಎಲ್ಲ ಒಂದಕ್ಕೊಂದು ಮೂತಿ ತಾಗಿಸಿಕೊಂಡು ನಿಂತಿದ್ದವು. ಬೇಸಿಗೆಯ ಬಿಸಿಲು ಇನ್ನೂ ಇಳಿದಿರಲಿಲ್ಲ. ನಿಂತಲ್ಲೇ ಚಾಲೂ ಇದ್ದ ನಮ್ಮ ಕಾರಿನ ಟಕಟಕ ಸದ್ದು ಜೋರಾಯಿತು. ಡ್ಯಾಶ್‌ಬೋರ್ಡಿನ ಮೇಲೆ ಒಂದು ಕೆಂಪು ದೀಪ ಮಿಣುಕಿ ಆರಿತು, ಮತ್ತೆ ಮಿಣುಕಿತು. ಮಾವನವರು ಎಡಗೈಯಿಂದ ಆ ದೀಪಕ್ಕೆ ಬೆರಳು ಕುಟ್ಟಿ, ಹಿಂದೆ ನನ್ನ ಕಡೆ ತಿರುಗಲು ಹೆಣಗುತ್ತ, "ಮಂದ! ಮಂದ!" ಎಂದು ಕೂಗಿದರು. ಆಮೇಲೆ ಹೆಬ್ಬೆರಳಿಗೆ ತೋರುಬೆರಳು ಕೂಡಿಸಿ ಉಜ್ಜಿ, ಆ ಬೆರಳುಗಳನ್ನು ಮಗಳ ಕಣ್ಣೆದುರು ಹಿಡಿದರು. ಮತ್ತೆ ಉಜ್ಜಿದರು.

ಸುಮಂಗಲಾ ಒಮ್ಮೆ ಬೆರಳು ನೋಡಿದಳು, ಒಮ್ಮೆ ದೀಪ ನೋಡಿದಳು. ತಟ್ಟನೆ ಕೀಲಿ ತಿರುಗಿಸಿ ಇಂಜಿನ್ ಆರಿಸಿದಳು.

"ಎಣ್ಣಿ ಅಪ್ಪಾ? ಮಂದ ಎಣ್ಣಿ ಬೇಕೇನು? ಇದು ತೆಳ್ಳಗಾತೇನು?"

ಮಾವನವರು ಕಣ್ಣು ಮುಚ್ಚಿ ಸೀಟಿಗೆ ಒರಗಿದರು. ಅವರ ಎದೆಯಿಂದ ಹೊರಟ ಉಸಿರು ಹಿಂದೆ ಕುಳಿತ ನನಗೂ ಕೇಳಿಸಿತು. ಸುಮಂಗಲಾ ನನ್ನ ಕಡೆ ತಿರುಗಿದಳು. ಅವಳ ಕಣ್ಣು ತುಂಬಿದ್ದವು. "ಅಪ್ಪ ನಿಮಗ ಅಂದಿದ್ದಲ್ಲರಿ. ಎಣ್ಣಿಗಿ ಅಂದಿದ್ದು. ನಾ ನಡು ದಾರ್ಯಾಗ ಸಿಕ್ಕೊಂಡೇನಂತ ಇಷ್ಟು ದಿನ ಒದರಾಕತ್ತಾರ."

ನನಗೆ ಮೊದಲು ಆದದ್ದು ನಿರಾಳ. ನಾನು ಮಂದನಲ್ಲ! ಆದರೆ ಆ ಸಂತೋಷ ಹಿಂದಿನ ಬಸ್ಸಿನವನು ಎರಡನೆಯ ಸಲ ಹಾರ್ನ್ ಹೊಡೆಯುವವರೆಗೂ ಬಾಳಲಿಲ್ಲ. ಜಗತ್ತಿನ ಶಬ್ದಗಳಲ್ಲೆಲ್ಲ ಮಾವನವರ ಬಳಿ ಉಳಿದಿದ್ದದ್ದು ಒಂದು. ಅದನ್ನು ಅವರು ಮಗಳ ಸಲುವಾಗಿ ದಿನಾ ಖರ್ಚು ಮಾಡುತ್ತಿದ್ದರು, ನಾನು ಅದನ್ನು ನನ್ನ ಹೆಸರಿಗೆ ಜಮಾ ಮಾಡಿಕೊಂಡು ಮುಖ ಊದಿಸಿಕೊಂಡು ಕೂತಿದ್ದೆ. ಹಾಗೆ ನೋಡಿದರೆ ಎಣ್ಣೆಗೆ ಹೇಳಿದ ಮಾತು ನನಗೂ ಏನು ಅಷ್ಟು ತಪ್ಪಾಗಿ ಹೊಂದಿರಲಿಲ್ಲ.

ಕಾರನ್ನು ಪಕ್ಕಕ್ಕೆ ಸರಿಸಬೇಕಿತ್ತು. ಇಳಿದು ಹಿಂದಿನಿಂದ ಭುಜ ಕೊಟ್ಟೆ, ಅದು ಕದಲಲಿಲ್ಲ. "ಸ್ಟೀರಿಂಗ್ ಎಡಕ್ಕ ತಿರುಗಸ!" ಎಂದು ನಾನು ಕೂಗಿದ್ದನ್ನು ಕೇಳಿ ಪಕ್ಕದಲ್ಲಿ ಏಳುತ್ತಿದ್ದ ಕಟ್ಟಡದಿಂದ ಕೆಲವರು ಕೆಳಗೆ ಇಣುಕಿದರು. "ನಮ್ಮ ಕಡೆ ಮಂದಿ ಇದ್ದಂಗೈತಲೇ" ಎಂದು ಒಬ್ಬ ಹೇಳಿದ್ದು ಕೇಳಿಸಿತು. ಸಿಮೆಂಟು ಮೆತ್ತಿದ ಕೈಯಲ್ಲೇ ಇಳಿದು ಬಂದರು. "ಯಾವೂರ್ರೀ ಸಾಹೇಬ್ರ?" ಎಂದು ಕೇಳುತ್ತಲೇ ತಳ್ಳಿದರು. ಬೀದರ್ ಎಂದೆ. ಅವರು ಭಾಲ್ಕಿ ಕಡೆಯವರಂತೆ. ಒಳಗಿದ್ದ ಮಾವನವರನ್ನು ಕಂಡು ಒಬ್ಬಳು ಹೆಣ್ಣುಮಗಳು ತನ್ನ ನೀರಿನ ಬಾಟಲಿ ಕೊಟ್ಟು, "ಮುತ್ಯಾಗ ಕುಡಸ್ರೆವ್ವಾ, ಬಿಸಲು ಭಾಳ ಐತಿ" ಎಂದಳು. ಮಾವನವರು ಕುಡಿದು, ಎಡಗೈ ಎತ್ತಿ ಅವಳಿಗೆ ನಮಸ್ಕಾರ ಮಾಡಿದರು. ಫೋನ್ ಮಾಡಿ ಕರೆಸಿದ ಖಾಜಾ ಹಗ್ಗ ಕಟ್ಟಿ, ಮಾವನವರು ಕುಳಿತಿದ್ದ ಹಾಗೆಯೇ ಕಾರನ್ನು ಎಳೆದುಕೊಂಡು ಹೋದ. ಇಂಜಿನ್ನಿಗೆ ಏನೂ ಆಗಿಲ್ಲ, ಇನ್ನು ಸ್ವಲ್ಪ ಓಡಿಸಿದ್ದರೆ ಕಥೆ ಮುಗಿಯುತ್ತಿತ್ತು ಎಂದು ಹೇಳಿದ. ಸವೆದ ಇಂಜಿನ್ನಿನ ಸಂದುಗಳಲ್ಲಿ ತೆಳು ಎಣ್ಣೆ ನಿಲ್ಲದೆ ಜಾರಿಹೋಗುತ್ತಿತ್ತು ಎಂದು ವಿವರಿಸಿದ. ಮೊದಲೇ ಯಾಕೆ ಹೇಳಲಿಲ್ಲ ಎಂದರೆ, ಡಬ್ಬಿಯ ಬಣ್ಣ ನೋಡಿ ತನಗೂ ಧೈರ್ಯ ಸಾಲಲಿಲ್ಲವಂತೆ.

ಮರುದಿನ ನಾನು ಅಂಗಡಿಗೆ ಹೋಗಿ ಬೇರೆ ಬೇರೆ ಎಣ್ಣೆಗಳ ಸಣ್ಣ ಡಬ್ಬಿಗಳನ್ನು ತಂದೆ. ಈ ಸಲ ಯಾರ ಅಭಿಪ್ರಾಯವನ್ನೂ ಕೇಳಲಿಲ್ಲ. ಪಾಯಸಕ್ಕೆ ಬಳಸುವ ಸ್ಟೀಲ್ ಬಟ್ಟಲುಗಳಲ್ಲಿ ಒಂದೊಂದನ್ನೂ ಸುರಿದು ಮಾವನವರ ಮುಂದೆ ಸಾಲಾಗಿ ಇಟ್ಟೆ. ಅವರು ಎಡಗೈ ಬೆರಳು ಅದ್ದಿ, ಹೆಬ್ಬೆರಳಿಗೆ ಉಜ್ಜಿ, ಬೆಳಕಿಗೆ ಹಿಡಿದು ನೋಡಿದರು. ತಲೆ ಅಲ್ಲಾಡಿಸಿ ಬಟ್ಟಲು ದೂಡಿದರು. ಇನ್ನೊಂದನ್ನೂ ದೂಡಿದರು. ನಾನು ಪ್ರತಿ ಸಲ ಬೆರಳು ಒರೆಸಿ ಮುಂದಿನ ಬಟ್ಟಲು ಸರಿಸುತ್ತಿದ್ದೆ. ಕೊನೆಗೆ, ಅಂಗಡಿಯ ತಳದ ಗೂಡಿನಲ್ಲಿ ಧೂಳು ಹಿಡಿದು ಕುಳಿತಿದ್ದ, ಅಂಗಡಿಯವನು "ಇದನ್ನ ಈಗ ಯಾರೂ ಕೇಳಲ್ಲ ಸಾರ್" ಎಂದಿದ್ದ ಎಣ್ಣೆಯ ಸರದಿ ಬಂತು. ಜೇನುತುಪ್ಪದ ಹಾಗೆ ಬೆರಳಿನಿಂದ ಎಳೆಯಾಗಿ ಇಳಿಯಿತು. ಮಾವನವರು ಬಹಳ ಹೊತ್ತು ಉಜ್ಜಿದರು. ಆಮೇಲೆ ಆ ಎಣ್ಣೆಗೈಯನ್ನೇ ನನ್ನ ಕೈಯ ಮೇಲಿಟ್ಟು ಒತ್ತಿದರು. ಅಷ್ಟು ವರ್ಷಗಳಲ್ಲಿ ಅವರು ನನ್ನ ಕೈ ಹಿಡಿದದ್ದು ಅದೇ ಮೊದಲು. ನನ್ನ ಅಂಗಿಯ ತೋಳಿಗೆ ಆದ ಕಲೆ ಹೋಗಲಿಲ್ಲ. ನಾನು ಹೋಗಲಾಡಿಸುವ ಪ್ರಯತ್ನವನ್ನೂ ಮಾಡಲಿಲ್ಲ. ಆ ಬಟ್ಟಲುಗಳನ್ನು ಸುಮಂಗಲಾ ಮತ್ತೆ ಅಡುಗೆಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ ಎನ್ನುವುದನ್ನು ಬೇರೆ ಹೇಳಬೇಕಿಲ್ಲ.

ಹೊಸ ಎಣ್ಣೆ ಬಿದ್ದ ಮೇಲೆ ಕಾರು ಹಿಂದಿನಂತೆ ಗುಡುಗುಡು ಎಂದಿತು, ಕೆಂಪು ದೀಪ ಆರಿತು. ಮಾವನವರು ಸನತ್‌ನಗರ ಬರುವವರೆಗೆ ನಿದ್ದೆ ಮಾಡಿದರು. ಚಿಂತೆ ಇಳಿದದ್ದಕ್ಕೋ ಪಾಠ ಹಿಡಿದದ್ದಕ್ಕೋ, ನಿಧಾನವಾಗಿ ಬೇರೆ ಮಾತುಗಳೂ ಬಂದವು: ನೀರು, ಸುಮಾ, ಸಾಕು, ಬ್ಯಾಡ. ಪೂರ್ತಿ ವಾಕ್ಯ ಬರಲಿಲ್ಲ. ಬಂದಷ್ಟರಲ್ಲಿ ಅವರೂ ನಾವೂ ಹೊಂದಿಕೊಂಡೆವು.

ಈ ಸುದ್ದಿ ಅಪಾರ್ಟ್‌ಮೆಂಟಿನಲ್ಲಿ ಹರಡಿ ನಾನು ಎಣ್ಣೆಯ ವಿಷಯದಲ್ಲಿ ತಜ್ಞನೆಂಬ ಹೆಸರು ಪಡೆದೆ. ಪ್ರವೀಣನೇ ಮೊದಲು ಬಂದ. ಅವನ ಹಿಂದೆ ಇತರರು. ಕೈಯಲ್ಲಿ ಡಬ್ಬಿ ಹಿಡಿದು ಬಂದು, "ಅಂಕಲ್, ಇದು ಹಾಕಬಹುದಾ?" ಎನ್ನುತ್ತಾರೆ. ನಾನು ಡಬ್ಬಿ ತೆಗೆದುಕೊಂಡು, ಕನ್ನಡಕ ಏರಿಸಿ, ಆ ಅಂಕಿಗಳನ್ನು ಗಂಭೀರವಾಗಿ ಓದುತ್ತ ಕಿಟಕಿಯ ಬಳಿ ಹೋಗುತ್ತೇನೆ. ಕಿಟಕಿಯ ಬಳಿ ಬೆಳಕು ಚೆನ್ನಾಗಿದೆ. ಮಾವನವರ ಕುರ್ಚಿಯೂ ಅಲ್ಲೇ ಇದೆ. ಅವರು ರೆಪ್ಪೆ ಇಳಿಸಿದರೆ "ಧಾರಾಳವಾಗಿ ಹಾಕಿ" ಎನ್ನುತ್ತೇನೆ, ತುಟಿ ಬಿಗಿದರೆ "ನಿಮ್ಮ ಗಾಡಿಗೆ ಇದು ಆಗಿಬರುವುದಿಲ್ಲ" ಎನ್ನುತ್ತೇನೆ. ಈ ಏರ್ಪಾಡು ಬಹಳ ದಿನ ಸುಗಮವಾಗಿ ನಡೆಯಿತು.

ಮೊನ್ನೆ ಒಬ್ಬರು ಹೊಸಬರು ಬಂದರು. ನಾನು ಕಿಟಕಿಗೆ ಹೋಗಿ ಓರೆಗಣ್ಣಿನಿಂದ ನೋಡಿದರೆ ಮಾವನವರು ಹೊರಗೆ ಹಾರುತ್ತಿದ್ದ ಪಾರಿವಾಳ ನೋಡುತ್ತಿದ್ದರು. ನಾನು ಕೆಮ್ಮಿದೆ. ಅವರು ತಿರುಗಲಿಲ್ಲ. ಡಬ್ಬಿಯನ್ನು ಎರಡು ಸಲ ತಿರುಗಿಸಿ ಓದಿದೆ, ತಯಾರಾದ ಸ್ಥಳದ ವಿಳಾಸವನ್ನೂ ಓದಿದೆ. ಹೊಸಬರು ಭಕ್ತಿಯಿಂದ ಕಾದಿದ್ದರು. ಕೊನೆಗೆ ಗಂಟಲು ಸರಿಮಾಡಿಕೊಂಡು, "ಯಾವುದಕ್ಕೂ ಇನ್ನೂ ಮೂರು ಜನರನ್ನು ಕೇಳಿ ನೋಡಿ" ಎಂದೆ. ಅವರು ಹೋದ ಮೇಲೆ ಮಾವನವರ ಮುಖ ನೋಡಿದೆ. ಲಕ್ವ ಮುಟ್ಟದ ಅರ್ಧ ಬಾಯಿ ಪೂರ್ತಿ ನಗುತ್ತಿತ್ತು. ಅದು ಅಳಿಯನ ಮೇಲಿನ ಅಕ್ಕರೆಯ ನಗೆ ಎಂದು ನಾನು ಸುಮಂಗಲೆಗೆ ಹೇಳಿದೆ. ಅವಳು ಅಪ್ಪನನ್ನೇ ಕೇಳಿದಳು. ಅವರು ಉತ್ತರ ಹೇಳಲು ಬಾಯಿ ತೆರೆದರು. ನಾನು ಆಫೀಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟೆ. ಅಂದು ಭಾನುವಾರವಾಗಿತ್ತು.